ಮುರಿದ ಕೈಯಲ್ಲೇ ಇಡೀ ಮ್ಯಾಚ್ ಆಡಿದ ಕ್ಯಾಪ್ಟನ್

ಪ್ರಶ್ನೆ: ರಗ್ಬಿ ಲೀಗ್‌ನಲ್ಲಿ (13 ಜನರ ತಂಡದ ರಗ್ಬಿ) ಗ್ರೇಟ್ ಬ್ರಿಟನ್ ಕ್ಯಾಪ್ಟನ್ ಒಬ್ರು ಕೈ ಮುರಿದ್ರೂ ಮೈದಾನ ಬಿಡ್ದೆ ಮ್ಯಾಚ್ ಗೆಲ್ಲಿಸಿದ್ರಂತೆ, ನಿಜಾನಾ? ಆಮೇಲೆ ಅವ್ರು ಏನಾದ್ರು?

ಉತ್ತರ: ನೂರಕ್ಕೆ ನೂರು ನಿಜ. ಅವ್ರು ಆಲನ್ ಪ್ರೆಸ್ಕಾಟ್, 1927ರಲ್ಲಿ ಇಂಗ್ಲೆಂಡಿನ ವಿಡ್ನೆಸ್‌ನಲ್ಲಿ ಹುಟ್ಟಿದವ್ರು. ಹ್ಯಾಲಿಫ್ಯಾಕ್ಸ್ ಕ್ಲಬ್ಬಲ್ಲಿ ವಿಂಗರ್ (ಮೈದಾನದ ಅಂಚಲ್ಲಿ ಓಡೋ ಆಟಗಾರ) ಆಗಿ ಶುರು ಮಾಡಿ, 1949ರಲ್ಲಿ ಸೇಂಟ್ ಹೆಲೆನ್ಸ್ ಕ್ಲಬ್ಬಿಗೆ ಬಂದು ಪ್ರಾಪ್ ಆದ್ರು, ಅಂದ್ರೆ ಸ್ಕ್ರಮ್‌ನಲ್ಲಿ (ಎರಡೂ ತಂಡದವ್ರು ಚೆಂಡಿಗಾಗಿ ಹೆಗಲಿಗೆ ಹೆಗಲು ಕೊಟ್ಟು ತಳ್ಳಾಡೋದು) ಮುಂದಿನ ಸಾಲಲ್ಲಿ ನಿಂತು ಎದುರಾಳಿಗಳ ಭಾರ ಎಲ್ಲ ತಡ್ಕೊಳ್ಳೋ ಕೆಲ್ಸ. 1956ರಲ್ಲಿ ಕ್ಲಬ್ಬುಗಳ ನಾಕೌಟ್ ಟೂರ್ನಿ ಚಾಲೆಂಜ್ ಕಪ್‌ನ ಫೈನಲ್‌ನಲ್ಲಿ ಹಳೇ ಕ್ಲಬ್ ಹ್ಯಾಲಿಫ್ಯಾಕ್ಸನ್ನೇ 13–2ರಲ್ಲಿ ಸೋಲಿಸಿ ಸೇಂಟ್ ಹೆಲೆನ್ಸ್ ಮೊದಲ ಸಲ ಆ ಕಪ್ ಎತ್ತಿದಾಗ ಕ್ಯಾಪ್ಟನ್ ಇವ್ರೇ, ಫೈನಲ್‌ನ ಬೆಸ್ಟ್ ಆಟಗಾರನಿಗೆ ಕೊಡೋ ಲ್ಯಾನ್ಸ್ ಟಾಡ್ ಟ್ರೋಫಿನೂ ಅವತ್ತು ಇವ್ರಿಗೇ.

ನೀವು ಕೇಳಿದ ಮ್ಯಾಚ್ 1958ರ ಜುಲೈ 5ರದ್ದು, ಬ್ರಿಸ್ಬೇನ್‌ನಲ್ಲಿ, ಆಸ್ಟ್ರೇಲಿಯಾ ವಿರುದ್ಧ ಮೂರು ಟೆಸ್ಟ್‌ಗಳ (ರಗ್ಬಿಯಲ್ಲಿ ದೇಶ-ದೇಶದ ನಡುವಿನ ಮ್ಯಾಚ್) ಸರಣಿಯ ಎರಡನೇದು. ಮೊದಲನೇದ್ರಲ್ಲಿ ಗ್ರೇಟ್ ಬ್ರಿಟನ್ 25–8ರಲ್ಲಿ ಸೋತಿತ್ತು, ಇದೂ ಹೋದ್ರೆ ಸರಣಿನೇ ಹೋಯ್ತು. ಆಟ ಶುರುವಾಗಿ ಕೆಲವೇ ನಿಮಿಷಕ್ಕೆ ಪ್ರೆಸ್ಕಾಟ್ ಬಲಗೈ ಮೂಳೆ ಮುರೀತು. ಆಗ ಗಾಯ ಆದ್ರೆ ಬೇರೆಯವ್ರನ್ನ ಇಳಿಸೋ ನಿಯಮವೇ ಇರ್ಲಿಲ್ಲ, ಒಬ್ರು ಹೊರಗೆ ಹೋದ್ರೆ ಉಳಿದವ್ರೇ ಆಡ್ಬೇಕು. ಅದ್ರ ಮೇಲೆ ಅವ್ರ ಟೀಮಿನ ಡೇವ್ ಬೋಲ್ಟನ್ ಕತ್ತಿನ ಕೆಳಗಿನ ಮೂಳೆ ಮುರ್ಕೊಂಡು ಹೊರಗೆ ಹೋದ್ರು, ಇನ್ನೊಬ್ಬ ಆಟಗಾರ ವಿನ್ಸ್ ಕರಾಲಿಯಸ್‌ಗೆ ಬೆನ್ನಿಗೆ ಪೆಟ್ಟು. ಇಂಥ ಹೊತ್ತಲ್ಲಿ ಕ್ಯಾಪ್ಟನ್ನೂ ಹೊರಗೆ ಹೋದ್ರೆ ಕಥೆ ಮುಗೀತಿತ್ತು, ಅದಕ್ಕೇ ಹಾಫ್ ಟೈಮ್ ಆದ್ಮೇಲೂ ಪ್ರೆಸ್ಕಾಟ್ ಮತ್ತೆ ಇಳಿದ್ರು. ಬಲಗೈ ಸುಮ್ನೆ ಜೋತಾಡ್ತಿತ್ತು, ಸಿಕ್ಕಿದವ್ರನ್ನ ಎಡಗೈಯಲ್ಲೇ ಹಿಡಿದು ಕೆಡವ್ತಿದ್ರು, ಚೆಂಡನ್ನೂ ಅದೇ ಕೈಯಲ್ಲಿ ಪಾಸ್ ಮಾಡ್ತಿದ್ರು. ಸೇಂಟ್ ಹೆಲೆನ್ಸ್ ಕ್ಲಬ್ಬಿನದ್ದೇ 19ರ ಹುಡುಗ ಅಲೆಕ್ಸ್ ಮರ್ಫಿ ಅವತ್ತು ಟ್ರೈ ಹೊಡೆದ, ಅಂದ್ರೆ ಎದುರಾಳಿ ಗೆರೆ ಆಚೆ ಚೆಂಡನ್ನ ನೆಲಕ್ಕೆ ಮುಟ್ಟಿಸಿ ಪಾಯಿಂಟ್ ತಂದ. ಕೊನೆಗೆ 25–18, ಗ್ರೇಟ್ ಬ್ರಿಟನ್ ಗೆಲುವು!

ಆ ಧೈರ್ಯಕ್ಕೆ ಕೈ ಮುಗೀತೀನಿ. ಆದ್ರೆ ಮೂಳೆ ಮುರಿದವ್ರನ್ನ ಮೈದಾನದಲ್ಲೇ ನಿಲ್ಲೋ ಹಾಗೆ ಮಾಡಿದ ಆ ನಿಯಮದ ಮೇಲೆ ನಂಗೆ ಇವತ್ತಿಗೂ ಸಿಟ್ಟಿದೆ, ಯಾಕಂದ್ರೆ ಪ್ರೆಸ್ಕಾಟ್‌ಗೆ ಅದೇ ಕೊನೇ ಟೆಸ್ಟ್ ಆಗಿಹೋಯ್ತು. ಸಿಡ್ನಿಯಲ್ಲಿ ಮೂರನೇ ಟೆಸ್ಟನ್ನ ಟೀಮು ಅವ್ರಿಲ್ದೆ 40–17ರಲ್ಲಿ ಗೆದ್ದು ಸರಣಿ ತಗೊಂಡ್ತು. ಆಮೇಲೆ ಪ್ರೆಸ್ಕಾಟ್ ಸೇಂಟ್ ಹೆಲೆನ್ಸ್‌ಗೆ ಕೋಚ್ ಆದ್ರು, 1961ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ವಿಗನ್ ಕ್ಲಬ್ಬನ್ನ 12–6ರಲ್ಲಿ ಸೋಲಿಸಿ ಚಾಲೆಂಜ್ ಕಪ್ ಗೆದ್ದಿದ್ದು ಅವ್ರ ಕೋಚಿಂಗ್‌ನಲ್ಲೇ. 1998ರಲ್ಲಿ ತೀರಿಕೊಂಡ್ರು.