ಒಂದು ಚಿಪ್ ನಡೆಸುವ ಡ್ರೈವರ್ ಕೋಡ್‌ನಲ್ಲಿ ಅದೇ ಚಿಪ್ ಹೆಸರು ಎರಡು ಟೇಬಲ್‌ನಲ್ಲಿದೆ. ಒಂದನ್ನು ತೆಗೆದು ಲಿನಕ್ಸ್ ಕರ್ನೆಲ್‌ಗೆ ನನ್ನ ಮೊದಲ ಪ್ಯಾಚ್ (ಕೋಡ್ ತಿದ್ದುಪಡಿ) ಕಳಿಸಲಾ?

ಬೇಡ. ನಾನು ತೆಗೆದಿದ್ದೆ, ಅದಕ್ಕೇ ಹೇಳ್ತಿದ್ದೇನೆ.

ಮೂಡಿಗೆರೆ ಕಡೆಯ ಒಂದು ರೊಬಸ್ಟಾ ಕಾಫಿ ತೋಟಕ್ಕೆ ಮಣ್ಣಿನ ತೇವ ಅಳೆಯುವ ಪೆಟ್ಟಿಗೆ ಮಾಡಿಕೊಟ್ಟಿದ್ದೆ. ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಅದಕ್ಕೆ ಎಸ್‌ಪಿಐ ಬಸ್ (ಚಿಪ್ ಜೋಡಿಸುವ ತಂತಿ ದಾರಿ) ಮೇಲೆ ಸೆನ್ಸರ್ ವೋಲ್ಟೇಜನ್ನು ಅಂಕಿ ಮಾಡುವ ಎಂಸಿಪಿ3008 ಚಿಪ್. ಕರ್ನೆಲ್‌ನಲ್ಲೇ ಇರುವ ಡ್ರೈವರನ್ನು ಸ್ವಲ್ಪ ತಿದ್ದಿ ಬಿಲ್ಡ್ ಮಾಡಿದ್ದೆ. ಅದರಲ್ಲೂ ಎರಡು ಟೇಬಲ್: ಡಿವೈಸ್ ಟ್ರೀಗೆ (ಬೋರ್ಡಿನಲ್ಲಿ ಯಾವ ಚಿಪ್ ಇದೆ ಅಂತ ಕರ್ನೆಲ್‌ಗೆ ಹೇಳುವ ಪಟ್ಟಿ) ಒಂದು, ಎಸ್‌ಪಿಐ ಐಡಿಗಳಿಗೆ ಇನ್ನೊಂದು. ಪೈ ಡಿವೈಸ್ ಟ್ರೀಯಲ್ಲೇ ತಾನೇ ಓಡೋದು, ಎರಡನೇದು ಸುಮ್ನೆ ಯಾಕೆ ಅಂತ ಅಳಿಸಿದೆ. ಚಿಕ್ಕಮಗಳೂರಿನ ಮನೆಯಲ್ಲಿ ಡ್ರೈವರನ್ನು ಕೈಯಾರೆ ಲೋಡ್ ಮಾಡುವ ಮೋಡ್‌ಪ್ರೋಬ್ ಕಮಾಂಡ್ ಕೊಟ್ಟೆ, ರೀಡಿಂಗ್ ಬಂತು. ಒಯ್ದು ಕೂರಿಸಿದೆ.

ಆ ಮೋಡ್‌ಪ್ರೋಬ್ ಕೊಟ್ಟಿದ್ದೇ ತಪ್ಪು. ಚಿಪ್‌ಗೂ ಡ್ರೈವರ್‌ಗೂ ಹೊಂದಾಣಿಕೆ ಒಂದು ಸಲ ಅಲ್ಲ, ಎರಡು ಸಲ ನಡೆಯುತ್ತದೆ. ಮೊದಲು ಕರ್ನೆಲ್ ಚಿಪ್‌ನ ಹೆಸರು ಕೂಗುತ್ತದೆ, ಯುಡೆವ್ ಎಂಬ ಹಿನ್ನೆಲೆ ಪ್ರೋಗ್ರಾಂ ಅದಕ್ಕೆ ಸರಿಯಾದ ಮಾಡ್ಯೂಲ್ (ಡ್ರೈವರ್ ಫೈಲ್) ಹುಡುಕಿ ತರುತ್ತದೆ. ಮಾಡ್ಯೂಲ್ ಬಂದ ಮೇಲೆ ಡ್ರೈವರ್ ಚಿಪ್‌ಗೆ ಅಂಟಿಕೊಳ್ಳುತ್ತದೆ. ಅಂಟಿಕೊಳ್ಳೋಕೆ ಡಿವೈಸ್ ಟ್ರೀ ಟೇಬಲ್ ಸಾಕು. ಆ ಕೂಗಿಗೆ ಓಗೊಡೋಕೆ ಸಾಲದು. ಚಿಪ್ ಡಿವೈಸ್ ಟ್ರೀಯಿಂದಲೇ ಬಂದಿದ್ದರೂ ಎಸ್‌ಪಿಐ ಬಸ್ ಕಂಪನಿ ಹೆಸರು ಕತ್ತರಿಸಿ ‘ಎಸ್‌ಪಿಐ:ಎಂಸಿಪಿ3008’ ಅಂತಲೇ ಕೂಗುತ್ತದೆ. ಆ ಹೆಸರಿಗೆ ಓಗೊಡುತ್ತಿದ್ದದ್ದು ನಾನು ಅಳಿಸಿದ ಟೇಬಲ್. ಮನೆಯಲ್ಲಿ ಮೊದಲ ಕೆಲಸ ನನ್ನ ಕೈ ಮಾಡಿತ್ತು, ಅಷ್ಟೇ. ಕರ್ನೆಲ್ ಸಂದೇಶ ತೋರಿಸುವ ಡಿಮೆಸ್ಗ್‌ನಲ್ಲಿ ‘ಎಸ್‌ಪಿಐ ಐಡಿ ಇಲ್ಲ’ ಅಂತ ಒಂದು ಸಾಲು ಬಂದಿತ್ತು ಬೇರೆ. ಯಾರು ನೋಡ್ತಾರೆ!

ತೋಟದಲ್ಲಿ ಕರೆಂಟ್ ಹೋಗಿ ಬಂತು. ಪೈ ಎದ್ದಿತು, ಹಸಿರು ದೀಪ ಮಿನುಗಿತು, ಡ್ರೈವರ್ ಬರಲಿಲ್ಲ. ಅದೂ ಬ್ಲಾಸಂ (ಕಾಫಿ ಹೂ) ಆಗಿ ಬ್ಯಾಕಿಂಗ್, ಅಂದರೆ ಹೂವಿನ ನಂತರದ ಎರಡನೇ ಸುತ್ತಿನ ನೀರು ಬಿಡಬೇಕಾದ ಸಮಯ. ನಾಲ್ಕು ದಿನದ ರೀಡಿಂಗ್ ಖಾಲಿ. "ನಿನ್ನ ಪೆಟ್ಟಿಗೆಗಿಂತ ನಮ್ಮ ರೈಟರ್ ಮಣ್ಣು ಹಿಂಡಿ ನೋಡೋದೇ ವಾಸಿ ಕಣಯ್ಯ" ಅಂದರು ತೋಟದ ಗೌಡ್ರು. ರೈಟರ್ ಅಂದರೆ ತೋಟದ ಕೆಲಸ ನೋಡಿಕೊಳ್ಳುವವರು.

ಹಾಗಾಗಿ ‘ಯಾವ ಟೇಬಲ್ ಹೆಚ್ಚುವರಿ’ ಅನ್ನೋ ಪ್ರಶ್ನೆಯೇ ಸರಿ ಇಲ್ಲ. ಅದನ್ನು ಯಾರು ಓದುತ್ತಾರೆ ಅಂತ ಕೇಳಿ. ಚಿಪ್ ಜೋಡಿಸುವ ಇನ್ನೊಂದು ದಾರಿಯಾದ ಐ2ಸಿ ಬಸ್ ಈಗ ಡಿವೈಸ್ ಟ್ರೀ ಹೆಸರನ್ನೇ ಕೂಗುತ್ತದೆ, ಅಲ್ಲಿನ ಲೆಕ್ಕ ಇಲ್ಲಿಗೆ ಬರೋದಿಲ್ಲ. ಕೈಯಲ್ಲಿ ಚಿಪ್ ಇಲ್ಲದೆ ಇಂಥ ಕ್ಲೀನಪ್ ಪ್ಯಾಚ್ ಕಳಿಸೋದು ನನ್ನ ಪ್ರಕಾರ ಉಡಾಫೆ. ಇದ್ದರೆ, ಟೇಬಲ್ ಅಳಿಸಿ ಬಿಲ್ಡ್ ಮಾಡಿ, ಬೋರ್ಡಿನ ಪವರ್ ವೈರ್ ಕಿತ್ತು ಮತ್ತೆ ಹಾಕಿ. ಕೀಬೋರ್ಡ್ ಮುಟ್ಟದೆ ರೀಡಿಂಗ್ ಬರುತ್ತಾ ನೋಡಿ.