ಎಂಟು ವರ್ಷಕ್ಕೇ ಸ್ಟ್ರೈಕರ್ ಆಗಬೇಕಾ?

ದಾವಣಗೆರೆಯಿಂದ ತಾಯಿಯೊಬ್ಬರು ಬರೆದಿದ್ದಾರೆ: “ಮಗನಿಗೆ ಎಂಟು ವರ್ಷ. ಫುಟ್‌ಬಾಲ್ ಕ್ಯಾಂಪಿಗೆ ಸೇರಿಸು ಅಂತ ಹಟ ಹಿಡಿದಿದ್ದಾನೆ. ಸಣಕಲು ದೇಹ. ಕಾಲು ಮುರಿದುಕೊಂಡರೆ ಏನು ಗತಿ ಅಂತ ಅತ್ತೆ ಕೇಳ್ತಾರೆ. ಕ್ಯಾಂಪಿನವರು ಇವನನ್ನು ಸ್ಟ್ರೈಕರ್, ಅಂದ್ರೆ ಮುಂದೆ ನಿಂತು ಗೋಲು ಹೊಡೆಯುವವನು, ಮಾಡ್ತೀವಿ ಅಂತಾರೆ. ನಮ್ಮ ಕಡೆ ಎಲ್ಲಾ ಕ್ರಿಕೆಟ್ಟೇ. ಈ ಆಟ ನನಗೆ ಅರ್ಥವೇ ಆಗಲ್ಲ, ಅದರಲ್ಲೂ ಆಫ್‌ಸೈಡ್. ಇದರಿಂದ ಅವನಿಗೇನು ಉಪಯೋಗ?”

ಸೇರಿಸಿ ತಾಯೀ. ಆದರೆ ಮೊದಲು ಒಂದು ಸಂಜೆ ಸುಮ್ನೆ ಹೋಗಿ ಮೈದಾನದ ಅಂಚಿನಲ್ಲಿ ನಿಂತು ನೋಡಿ. ಇಪ್ಪತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಂದೇ ಚೆಂಡು ಕೊಟ್ಟಿದ್ದರೆ ಬೇರೆ ಕಡೆ ಹುಡುಕಿ. ಈ ವಯಸ್ಸಿಗೆ ಬೇಕಾದದ್ದು ಚೆಂಡು ಪದೇ ಪದೇ ಕಾಲಿಗೆ ಸಿಗುವುದು. ದೊಡ್ಡವರ ಹಾಗೆ ಹನ್ನೊಂದು ಜನರ ತಂಡ ಕಟ್ಟಿದರೆ ಪಾಪ, ಅರ್ಧ ಮಕ್ಕಳಿಗೆ ಬರೀ ಓಟ. ನಾಲ್ಕು, ಐದು ಜನರ ಚಿಕ್ಕ ತಂಡಗಳು, ಚಿಕ್ಕ ಅಂಗಳ, ಚಿಕ್ಕ ಗೋಲು ಇರಬೇಕು. ಸ್ಟ್ರೈಕರ್ ಮಾತು ಈಗಲೇ ಬೇಡ. ಒಂದು ದಿನ ಗೋಲಿನ ಮುಂದೆ ಕಾಯಲಿ, ಇನ್ನೊಂದು ದಿನ ಮುಂದೆ ಓಡಲಿ.

ಕೋಚ್ ಮೊದಲು ಪಾಸ್, ಅಂದರೆ ಜೊತೆಗಾರನಿಗೆ ಚೆಂಡು ದಾಟಿಸುವುದನ್ನು, ಕಲಿಸುತ್ತಾರಾ ನೋಡಿ. ಒಂದು ಕಾಲನ್ನು ಚೆಂಡಿನ ಪಕ್ಕದಲ್ಲೇ ಊರಬೇಕು, ಅದರ ಬೆರಳು ಚೆಂಡು ಹೋಗಬೇಕಾದ ಕಡೆಗಿರಬೇಕು, ಇನ್ನೊಂದು ಪಾದದ ಒಳಬದಿಯಿಂದ ತಳ್ಳಬೇಕು. ಹೊಸಬರು ಹೆಬ್ಬೆರಳಲ್ಲೇ ಒದೆಯುತ್ತಾರೆ. ಚೆಂಡು ಎತ್ತಲೋ ಹೋಗುತ್ತದೆ, ಕೆಲವು ಸಲ ಉಗುರೂ ಹೋಗುತ್ತದೆ.

ಇನ್ನು ಆಫ್‌ಸೈಡ್. ಗೆಳೆಯ ನಿಮ್ಮ ಮಗನಿಗೆ ಪಾಸ್ ಕೊಡುವ ಆ ಗಳಿಗೆಯನ್ನು ನೋಡಿ. ಮಗ ಎದುರಾಳಿಯ ಅರ್ಧದಲ್ಲಿ, ಚೆಂಡಿಗಿಂತ ಮುಂದೆ ಇದ್ದಾನೆ. ಅವನಿಗೂ ಗೋಲಿನ ಗೆರೆಗೂ ನಡುವೆ ಗೋಲು ಕಾಯುವ ಕೀಪರ್ ಒಬ್ಬನೇ. ಆ ಚೆಂಡನ್ನು ಅವನು ಆಡಿದರೆ ಆಫ್‌ಸೈಡ್ ಎಂಬ ತಪ್ಪು. ಇನ್ನೊಬ್ಬ ಎದುರಾಳಿ ಅವನ ಸಮಕ್ಕೆ ನಿಂತಿದ್ದರೂ ಸಾಕು, ತಪ್ಪಿಲ್ಲ. ಲೆಕ್ಕಕ್ಕೆ ಬರುವುದು ಚೆಂಡು ಹೊರಟ ಗಳಿಗೆ, ತಲುಪಿದ ಗಳಿಗೆಯಲ್ಲ. ಥ್ರೋ-ಇನ್ (ಪಕ್ಕದ ಗೆರೆಯಿಂದ ಕೈಯಲ್ಲಿ ಎಸೆಯುವುದು), ಕಾರ್ನರ್ (ಮೈದಾನದ ಮೂಲೆಯಿಂದ ಒದೆಯುವುದು), ಗೋಲ್ ಕಿಕ್‌ನಿಂದ (ತಮ್ಮ ಗೋಲಿನ ಮುಂದಿನಿಂದ ಒದೆಯುವುದು) ನೇರವಾಗಿ ಬಂದ ಚೆಂಡಿಗೆ ಈ ನಿಯಮ ಇಲ್ಲ. ಟಿವಿ ಮುಂದೆ ನಡೆಯುವ ಜಗಳದಲ್ಲಿ ಮುಕ್ಕಾಲು ಪಾಲು ಇದೇ! ಚಿಕ್ಕ ಮಕ್ಕಳ ಐದೈದು ಜನರ ಆಟದಲ್ಲಿ ಸಾಮಾನ್ಯವಾಗಿ ಆಫ್‌ಸೈಡ್ ಇರುವುದೇ ಇಲ್ಲ.

ಅತ್ತೆಯವರ ಭಯ ಸಹಜ. ಮಂಡಿ ತರಚುತ್ತದೆ, ಪಾದ ಉಳುಕುತ್ತದೆ. ನನಗೆ ಕಾಲಿಗಿಂತ ತಲೆಯ ಚಿಂತೆ ಜಾಸ್ತಿ. ಅಮೆರಿಕದ ಫುಟ್‌ಬಾಲ್ ಸಂಸ್ಥೆ 2015ರಲ್ಲೇ ಹತ್ತು ವರ್ಷದವರೆಗಿನ ಮಕ್ಕಳು ಚೆಂಡನ್ನು ತಲೆಯಿಂದ ಹೊಡೆಯಬಾರದು ಎಂದಿತು. ಇಂಗ್ಲೆಂಡ್ 2020ರಲ್ಲಿ ಪ್ರಾಥಮಿಕ ಶಾಲೆ ವಯಸ್ಸಿನವರ ತರಬೇತಿಯಿಂದ ಹೆಡಿಂಗ್ ತೆಗೆಯಲು ಹೇಳಿತು. ನಿಮ್ಮ ಕ್ಯಾಂಪಿನಲ್ಲೂ ಹೆಡಿಂಗ್ ಬೇಡ ಅಂತ ಧೈರ್ಯವಾಗಿ ಹೇಳಿ. ಸಣಕಲು ದೇಹದ ಮಾತು ಬಿಡಿ. ಅರ್ಜೆಂಟೀನಾದ ಫುಟ್‌ಬಾಲ್ ತಾರೆ ಮೆಸ್ಸಿ ಚಿಕ್ಕಂದಿನಲ್ಲಿ ಬೆಳವಣಿಗೆಗಾಗಿ ಹಾರ್ಮೋನ್ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದ ಹುಡುಗ.

ಉಪಯೋಗ ಕೇಳಿದ್ದೀರಿ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂತೆ ಆಡಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಓಡಿ, ಗಕ್ಕನೆ ನಿಂತು, ತಿರುಗಿ, ಮತ್ತೆ ಓಡುವ ಈ ಆಟದಲ್ಲಿ ಎದೆ, ಕಾಲು, ಮೂಳೆ ಎಲ್ಲಕ್ಕೂ ಕೆಲಸ. ಆದರೆ ನಾನು ದೊಡ್ಡದು ಅನ್ನುವುದು ಬೇರೆ. ಕ್ರಿಕೆಟ್‌ನಲ್ಲಿ ಔಟಾದ ಹುಡುಗ ಆಮೇಲೆ ಕೂತಿರಬೇಕು. ಇಲ್ಲಿ ಚೆಂಡು ಕಳೆದುಕೊಂಡವನು ಮುಖ ಊದಿಸಿಕೊಳ್ಳಲೂ ಪುರುಸೊತ್ತಿಲ್ಲ, ತಕ್ಷಣ ಹಿಂದೆ ಓಡಬೇಕು. ಮಾರ್ಕ್ಸ್ ಜಾಸ್ತಿ ಬರುತ್ತೆ ಅಂತ ಯಾರಾದರೂ ಹೇಳಿದರೆ ಆ ಮಾತು ನಂಬಿ ದುಡ್ಡು ಕಟ್ಟಬೇಡಿ.

ಕ್ರಿಕೆಟ್ಟೇ ಎಲ್ಲಾ ಅನ್ನುವುದೂ ಪೂರ್ತಿ ನಿಜವಲ್ಲ. 2023ರ ಮಾರ್ಚ್‌ನಲ್ಲಿ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ರಾಜ್ಯ ತಂಡಗಳ ಫುಟ್‌ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದಿತು. ಅದಕ್ಕೂ 54 ವರ್ಷ ಹಿಂದೆ ಗೆದ್ದಾಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು.

ಖರ್ಚಿನ ವಿಷಯ: ದುಬಾರಿ ಬೂಟು ಈಗಲೇ ಬೇಡ, ಕಾಲು ಬೆಳೆಯುತ್ತಿದೆ. ಮೊಣಕಾಲಿನ ಕೆಳಗೆ ಕಟ್ಟುವ ಶಿನ್ ಗಾರ್ಡ್ ಮೊದಲು ತನ್ನಿ. ಚೆಂಡು ಕೊಳ್ಳುವಾಗ ಸೈಜ್ 4 ಕೇಳಿ. ದೊಡ್ಡವರ ಸೈಜ್ 5 ಚೆಂಡು 410ರಿಂದ 450 ಗ್ರಾಂ ತೂಗುತ್ತದೆ. ‘ಮುಂದಕ್ಕೂ ಆಗುತ್ತೆ’ ಅಂತ ಅಂಗಡಿಯವರು ಅದನ್ನೇ ದಾಟಿಸಲು ನೋಡಿಯಾರು.