ಹಾಯಿದೋಣಿ ರೇಸಿನ ಇತಿಹಾಸಕ್ಕೆ ಮೊದಲ ಪುಸ್ತಕ
ಹಾಯಿದೋಣಿ ರೇಸುಗಳಲ್ಲಿ ಹೆಸರಾದ ಅಮೆರಿಕಾಸ್ ಕಪ್‌ನ ಇತಿಹಾಸದಿಂದಲೇ ಶುರು ಮಾಡಲಾ ಅಂತ ಕೇಳಿದ್ದೀರಿ. ಬೇಡ, ಅದು ಆಮೇಲೆ ಇರಲಿ. ಮೊದಲು ಪೀಟರ್ ನಿಕೋಲ್ಸ್ ಬರೆದ ‘ಎ ವಾಯೇಜ್ ಫಾರ್ ಮ್ಯಾಡ್‌ಮೆನ್’ ಓದಿ. 1968ರಲ್ಲಿ ಒಬ್ಬೊಬ್ಬರೇ, ಎಲ್ಲೂ ನಿಲ್ಲದೆ ಭೂಮಿ ಸುತ್ತುವ ರೇಸಿಗೆ ಹೊರಟ ಒಂಬತ್ತು ಜನರ ಕಥೆ. ಮುಗಿಸಿದ್ದು ರಾಬಿನ್ ನಾಕ್ಸ್-ಜಾನ್‌ಸ್ಟನ್ ಒಬ್ಬರೇ, 312 ದಿನ ಹಿಡಿಯಿತು. ಅವರ 32 ಅಡಿಯ ‘ಸುಹೈಲಿ’ ದೋಣಿ ಕಟ್ಟಿದ್ದು ನಮ್ಮ ಮುಂಬೈಯಲ್ಲಿ, ತೇಗದ ಮರದಲ್ಲಿ! ಫ್ರೆಂಚ್ ನಾವಿಕ ಬರ್ನಾರ್ಡ್ ಮ್ವಾಟೆಸಿಯೇ ಅಂತೂ ಗೆಲ್ಲುವ ಅವಕಾಶ ಇದ್ದಾಗಲೇ ರೇಸ್ ಬಿಟ್ಟರು, ಆ ಸುದ್ದಿಯನ್ನು ಕವಣೆಯಲ್ಲಿಟ್ಟು ಪಕ್ಕದಲ್ಲಿ ಹೋಗುತ್ತಿದ್ದ ಹಡಗಿನ ಮೇಲೆ ಬೀಸಿ, ತಹೀತಿಯ ಕಡೆ ಹೊರಟೇಬಿಟ್ಟರು. ಅಲ್ಲಿ ನಾನು ಪುಸ್ತಕ ಮುಚ್ಚಿಟ್ಟು ಸುಮ್ನೆ ಕೂತಿದ್ದೆ. ಅದೇ ರೇಸಿನಲ್ಲಿದ್ದ ಡೊನಾಲ್ಡ್ ಕ್ರೌಹರ್ಸ್ಟ್ ಬಗ್ಗೆ ಟೊಮಾಲಿನ್ ಮತ್ತು ಹಾಲ್ ಬರೆದ ಪುಸ್ತಕ ಇದರ ನಂತರ ಓದಿ. ದೋಣಿ ಎಲ್ಲಿದೆ ಅನ್ನೋದರ ಸುಳ್ಳು ಲೆಕ್ಕ ಬರೆಯುತ್ತಾ ಒಬ್ಬನೇ ಕುಸಿದುಹೋದ ಮನುಷ್ಯ, ಮನಸ್ಸು ತುಂಬಾ ಭಾರವಾಗುತ್ತೆ.